ಹೊಸ ಕಾರ್ಡು, ಹಳೇ ಕಂಪ್ಯೂಟರು

ಕೆಲವರಿಗೆ ಹೋದಲ್ಲೆಲ್ಲ ಸ್ನೇಹಿತರು ಸಿಗುತ್ತಾರೆ. ನನಗೆ ಸಿಟ್ಟು ಬರಿಸುವವರು ಸಿಗುತ್ತಾರೆ. ಆ ಕತೆ ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಗ ಇನ್ನಷ್ಟು ಸಿಟ್ಟು ಬರುತ್ತದೆ.

ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಕಲಿತವರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳು ಅವು. ನಾನು ಮೈಸೂರಿನಿಂದ ಕಾರ್ಲ್ಸ್‌ರುಹೆ ಪಕ್ಕದ ಸಣ್ಣ ಊರೊಂದರ ಕಂಪನಿಗೆ ಬಂದೆ. ಇಂಟರ್ನೆಟ್ ಕೆಲಸ ಅಂದಿದ್ದರು. ಬಂದ ವಾರವೇ ಬಾಸ್ ನನ್ನನ್ನು ನೆಲಮಾಳಿಗೆಗೆ ಇಳಿಸಿದ.

ಗಾಜು, ಬಿಸಿ

ಅಲ್ಲಿದ್ದದ್ದು ಐವತ್ತರ ದಶಕದಲ್ಲಿ ಅದೇ ಕಂಪನಿ ಕಟ್ಟಿದ್ದ ಕಂಪ್ಯೂಟರ್. ಬೀರು ಪಕ್ಕ ಬೀರು ನಿಲ್ಲಿಸಿದ ಹಾಗೆ ಗೋಡೆಯುದ್ದಕ್ಕೂ ನಿಂತಿತ್ತು. ಒಳಗೆಲ್ಲ ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳು. ಅದನ್ನು ಪ್ರದರ್ಶನಕ್ಕಿಡಬೇಕು, ಅದು ಲೆಕ್ಕ ಮಾಡುತ್ತಿದ್ದ ರೀತಿಯನ್ನು ಲ್ಯಾಪ್‌ಟಾಪಿನಲ್ಲಿ ಹಾಗೇ ಮಾಡಿ ತೋರಿಸುವ ಪ್ರೋಗ್ರಾಂ ನಾನು ಬರೆಯಬೇಕು.

ಬಾಸ್ ನನಗೆ ಕಿವಿ ಕೇಳುವುದಿಲ್ಲವೇನೋ ಅನ್ನುವಷ್ಟು ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದ: "ಇದು... ವಾಲ್ವ್. ಗಾಜು. ಬಿಸಿ. ಮುಟ್ಟಬೇಡಿ!"

"ಮೆಷಿನ್ ಆಫ್ ಮಾಡಿ ಎಷ್ಟು ಕಾಲವಾಯ್ತು?"

"ಮೂವತ್ತು ವರ್ಷ."

"ಹಾಗಾದ್ರೆ ಆರಿರಬೇಕಲ್ಲ, ಮುಟ್ಟಿ ನೋಡ್ಲಾ?"

ವಿದೇಶಿಯರ ಕಚೇರಿ

ವಾಸದ ಪರವಾನಗಿಗೆ ಆಉಸ್‌ಲೆಂಡರ್‌ಬೆಹ್ಯೋರ್ಡೆಗೆ ಹೋದೆ, ನಮ್ಮಂಥ ಹೊರದೇಶದವರ ಹಣೆಬರಹ ಬರೆಯುವ ಕಚೇರಿ ಅದು. ಮೇಜಿನಾಚೆಯ ಹೆಂಗಸು ಕೇಳಿದಳು, "ಯಾವ ತಂತ್ರಜ್ಞಾನದಲ್ಲಿ ಕೆಲಸ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು.

"ಗ್ರೀನ್ ಕಾರ್ಡ್ ಇರೋದು ಹೊಸ ತಂತ್ರಜ್ಞಾನಕ್ಕೆ. ಅರ್ಧ ಶತಮಾನದ ಹಿಂದಿನ ಮೆಷಿನ್ನಿಗೆ ಜರ್ಮನಿಯಲ್ಲಿ ಜನ ಇಲ್ವಾ?"

"ಇದ್ದಾರೆ. ಎಲ್ಲರೂ ಪೆನ್ಷನ್‌ನಲ್ಲಿದ್ದಾರೆ."

"ನಿಮಗೆ ಇದರಲ್ಲಿ ಅನುಭವ ಎಷ್ಟು ವರ್ಷದ್ದು?"

"ನನಗಾಗಿರೋದೇ ಇಪ್ಪತ್ತೊಂಬತ್ತು ವರ್ಷ," ಅಂದೆ ಹಲ್ಲು ಕಚ್ಚಿಕೊಂಡು.

ಕೊನೆಗೆ ಮುದ್ರೆ ಒತ್ತಿದಳು. ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ತೋಡಿಕೊಂಡೆ. ಅಮ್ಮ, "ಅಷ್ಟು ದೂರ ಹೋಗಿ ಗುಜರಿ ಅಂಗಡಿಗೆ ಸೇರ್ಕೊಂಡ್ಯಾ ಪುಟ್ಟಿ?" ಅಂದರು.

ಸೊನ್ನೆ

ನೆಲಮಾಳಿಗೆಗೆ ಇಣುಕಿದವರೆಲ್ಲ ನನ್ನನ್ನು ಕಂಡ ಕೂಡಲೇ ಒಂದೇ ಪಾಠ ಒಪ್ಪಿಸುತ್ತಿದ್ದರು: "ಸೊನ್ನೆ ಕೊಟ್ಟವರು ನೀವು! ಲೆಕ್ಕ ನಿಮ್ಮ ರಕ್ತದಲ್ಲೇ ಇದೆ!" ತಲೆ ಕೆಟ್ಟು ಒಂದು ದಿನ ಹೇಳಿಬಿಟ್ಟೆ, "ಕೊಟ್ಟಿದ್ದು ನಿಜ. ನಮ್ಮ ಮೇಷ್ಟ್ರು ಅದನ್ನೆಲ್ಲ ನನ್ನ ಪಿಯುಸಿ ಪೇಪರಿಗೇ ವಾಪಸ್ ಹಾಕಿದ್ರು."

ಯಾರು ಮೊದಲು?

ಆ ಯಂತ್ರ ಕಟ್ಟಿದವರಲ್ಲಿ ಉಳಿದಿದ್ದವರು ಒಬ್ಬರೇ, ನಿವೃತ್ತ ಎಂಜಿನಿಯರ್. ಉದ್ಘಾಟನೆಯ ದಿನ ಅದು ಮತ್ತೆ ನಡೆಯಲೇಬೇಕು ಅಂತ ದಿನಾ ಬಂದು ರಿಪೇರಿ ಮಾಡುತ್ತಿದ್ದರು. ಅವರನ್ನು ನೋಡಲು ಇಂಗ್ಲೆಂಡಿನಿಂದ ಒಬ್ಬರು, ಅಮೆರಿಕದಿಂದ ಒಬ್ಬರು ಹಳೇ ಎಂಜಿನಿಯರುಗಳು ಬಂದರು. ಕಾಫಿ ಮುಗಿಯುವುದರೊಳಗೆ ಜಗಳ ಹತ್ತಿಕೊಂಡಿತು.

"ಜಗತ್ತಿನ ಮೊದಲ ಕಂಪ್ಯೂಟರ್ ಜರ್ಮನಿಯದು, ನಲವತ್ತೊಂದರಲ್ಲೇ ಕಟ್ಟಿದ್ದು," ಅಂದರು ನಮ್ಮ ಮುದುಕರು.

"ಅದರಲ್ಲಿ ವಾಲ್ವೇ ಇರಲಿಲ್ಲ, ಬರೀ ರಿಲೇ ಸ್ವಿಚ್ಚುಗಳ ಟಕಟಕ! ಮೊದಲ ಎಲೆಕ್ಟ್ರಾನಿಕ್ ನಮ್ಮದು," ಅಂದರು ಇಂಗ್ಲೆಂಡಿನವರು.

"ಯುದ್ಧದ ಗುಟ್ಟು ಅಂತ ನೀವು ಬಚ್ಚಿಟ್ಟಿದ್ದು ಲೆಕ್ಕಕ್ಕೆ ಬರಲ್ಲ. ಎಲ್ಲರಿಗೂ ತೋರಿಸಿದವರು ನಾವು," ಅಂದರು ಅಮೆರಿಕದವರು.

ನಾನು ಮೂಲೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಷ್ಟು ಹೊತ್ತೂ ನಾನೊಬ್ಬಳಿದ್ದೇನೆ ಅನ್ನುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಮೂವರೂ ತಿರುಗಿ, "ನೀವು ಯಾರ ಕಡೆಯವರೂ ಅಲ್ಲ. ನೀವೇ ಹೇಳಿ, ಯಾರು ಮೊದಲು?" ಅಂದರು.

"ನಮ್ಮೂರಲ್ಲಿ ಮೊದಲನೇ ದೋಸೆಯನ್ನ ಯಾರೂ ಲೆಕ್ಕಕ್ಕೆ ಇಡಲ್ಲ," ಅಂದೆ. "ಅದು ಕಾವಲಿ ಹದ ನೋಡೋಕೆ."

ದೋಸೆ ಅಂದರೇನು ಅಂತ ವಿವರಿಸಬೇಕಾಯಿತು. ಅರ್ಥವಾದ ಕ್ಷಣವೇ ಮೂವರೂ ಒಂದಾಗಿ ನನ್ನ ಮೇಲೆ ಹರಿಹಾಯ್ದರು.

ಉದ್ಘಾಟನೆ

ಯಂತ್ರವನ್ನು ಮೇಲಿನ ಹಾಲಿಗೆ ಸಾಗಿಸಿ ಆಗಿತ್ತು. ಪ್ರದರ್ಶನದ ಉದ್ಘಾಟನೆಗೆ ಊರಿನ ಮೇಯರ್ ಬರುವವರಿದ್ದರು. ಬೆಳಿಗ್ಗೆ ಬಾಸನ್ನು ಕೇಳಿದೆ, "ಹೊರಗಿನ ಫಲಕದಲ್ಲಿ ಪ್ರೋಗ್ರಾಂ ಬರೆದವಳ ಹೆಸರಿಲ್ಲವಲ್ಲ?"

"ಫಲಕ ಇರೋದು ಯಂತ್ರ ಕಟ್ಟಿದವರಿಗೆ. ಹಾಂ, ನೀವು ಸೀರೆ ಉಟ್ಟು ಬಂದಿದ್ದು ಒಳ್ಳೇದಾಯ್ತು. ಫೋಟೋಗೆ ಚೆಂದ."

ರಕ್ತ ಕುದಿಯಿತು. ಬಾಯಿ ತೆರೆಯುವಷ್ಟರಲ್ಲಿ ನಮ್ಮ ಎಂಜಿನಿಯರ್ ಮುದುಕರು ಓಡಿ ಬಂದರು. ಯಂತ್ರ ಕೈಕೊಟ್ಟಿತ್ತು. ಎಷ್ಟು ಸಲ ಸ್ವಿಚ್ ಹಾಕಿದರೂ ಮಿಸುಕಲಿಲ್ಲ. ಬಾಸ್ ನನ್ನ ಮುಖ ನೋಡಿದ. "ನಿಮ್ಮ ಲ್ಯಾಪ್‌ಟಾಪಿಂದಲೇ ಇದರ ದೀಪ, ಉತ್ತರ ಅಚ್ಚು ಮಾಡೋ ಟೆಲಿಪ್ರಿಂಟರ್ ನಡೆಸಬಹುದಲ್ವಾ? ಪರೀಕ್ಷೆಗೆ ಅಂತ ವೈರ್ ಎಳೆದಿದ್ದೀರಲ್ಲ. ಹಿಂದೆ ಕೂತ್ಕೊಳ್ಳಿ. ಯಾರಿಗೂ ಗೊತ್ತಾಗೋದು ಬೇಡ."

ಮುದುಕರ ಕಣ್ಣಲ್ಲಿ ನೀರಿತ್ತು. ಅವರ ಮುಖ ನೋಡಿ ಒಪ್ಪಿಕೊಂಡೆ, ಬಾಸ್‌ಗಾಗಿ ಅಲ್ಲ. ರೇಷ್ಮೆ ಸೀರೆ ಮಡಚಿಕೊಂಡು, ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕೂತೆ. ಮನಸ್ಸಿನಲ್ಲೇ ಕನ್ನಡದಲ್ಲಿ ಬರುವ ಬೈಗುಳವೆಲ್ಲ ಬೈದೆ.

ಮೇಯರ್ ಬಂದರು, ಗುಂಡಿ ಒತ್ತಿದರು. ನಾನು ದೀಪ ಮಿನುಗಿಸಿದೆ. ಅವರು ಕೇಳಿದ ಗುಣಾಕಾರಕ್ಕೆ ಟೆಲಿಪ್ರಿಂಟರ್ ಕಟಕಟ ಅಂತ ಉತ್ತರ ಕೊಟ್ಟಿತು. ಚಪ್ಪಾಳೆಯೋ ಚಪ್ಪಾಳೆ! ಅಷ್ಟರಲ್ಲಿ ಹಳೇ ಧೂಳು ಮೂಗಿಗೆ ಹೊಕ್ಕಿತು. ತಡೆದೆ, ತಡೆದೆ, ಆಗಲಿಲ್ಲ. ಯಂತ್ರ ನಡುಗುವ ಹಾಗೆ ಸೀನಿದೆ.

ಜರ್ಮನ್ನರ ಮುಂದೆ ಯಾರೇ ಸೀನಲಿ, ಆರೋಗ್ಯವಾಗಿರಿ ಅಂತ ಹಾರೈಸದೆ ಬಿಡುವುದಿಲ್ಲ. ಮೇಯರ್ ಯಂತ್ರಕ್ಕೆ ತಲೆಬಾಗಿ, "ಗೆಜುಂಡ್‌ಹೈಟ್!" ಅಂದರು.

ನಾನು ಅಭ್ಯಾಸಬಲದಿಂದ, ಥ್ಯಾಂಕ್ಸ್ ಹೇಳುವ ಹಾಗೆ, "ಡಾಂಕೆ ಶ್ಯೋನ್!" ಅಂದುಬಿಟ್ಟೆ.

ಬೂಟಿನ ಸದ್ದು ಹಿಂಬದಿಗೆ ಬಂತು. ಮೇಯರ್ ಬಗ್ಗಿ ನೋಡಿದರು. ಕೂದಲ ತುಂಬ ಧೂಳು, ಮೊಣಕಾಲ ಮೇಲೆ ಲ್ಯಾಪ್‌ಟಾಪ್, ಮೈಮೇಲೆ ಮೈಸೂರು ಸಿಲ್ಕ್.

"ನೀವು ಯಾರು?"

ಬಾಸ್ ಅವರ ಬೆನ್ನ ಹಿಂದಿನಿಂದ ಬೇಡ ಬೇಡ ಅಂತ ಕೈಯಾಡಿಸುತ್ತಿದ್ದ. ತಿಂಗಳುಗಟ್ಟಲೆ ನುಂಗಿಕೊಂಡ ಸಿಟ್ಟೆಲ್ಲ ಗಂಟಲಿಗೆ ಬಂತು.

"ನಾನೇ ಕಂಪ್ಯೂಟರ್," ಅಂದೆ.

ಮೇಯರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಸ್ ಕಡೆ ತಿರುಗಿ, ಬಹಳ ಗಂಭೀರವಾಗಿ ಕೇಳಿದರು: "ಇದು ಯಾವ ಇಸವಿಯದು?"

"ನಿಮಗಿಂತ ಈಚಿನದು ಸ್ವಾಮಿ," ಅಂದೆ ಸೆರಗು ಕೊಡವಿಕೊಂಡು ಏಳುತ್ತ. "ಇಡೀ ಹಾಲಿನಲ್ಲಿ ಕೆಲಸ ಮಾಡ್ತಿರೋದೂ ಇದೊಂದೇ."