ಸರಾಸರಿ ಊಟ

ಮಗಳು ಝಿನುಕ್‌ಳ ಮದುವೆ ಮಾತುಕತೆಯ ಊಟವನ್ನು ನಾನೊಬ್ಬನೇ ನಿಭಾಯಿಸಿ ತೋರಿಸುತ್ತೇನೆಂದು ಶಪಥ ಮಾಡಿದೆ! ಬಂಗಾಳದ ಶ್ರೀರಾಮಪುರದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ಈ ನಿರುಪಮ್ ಸಮಾದ್ದಾರನಿಗೆ ಇಪ್ಪತ್ತು ಜನರ ಊಟ ಯಾವ ಲೆಕ್ಕ?

"ಬರೋರು ಗಂಡಿನ ಕಡೆಯವರು ಕಣ್ರೀ. ಹೇಳಿದ್ದೆಲ್ಲ ಬರ್ಕೊಳ್ಳೋ ನಿಮ್ಮ ವಿದ್ಯಾರ್ಥಿಗಳಲ್ಲ!" ಎಂದಳು ಹೆಂಡತಿ ಸುತಪಾ.

"ನೀನು ಝಿನುಕ್‌ಗೆ ಸೀರೆ ಉಡಿಸು. ಅಡುಗೆಮನೆ ವಿಜ್ಞಾನಕ್ಕೆ ಬಿಡು!"

ಇಪ್ಪತ್ತೂ ಅತಿಥಿಗಳಿಗೆ ಖುದ್ದಾಗಿ ಫೋನ್ ಮಾಡಿ ಇಷ್ಟ ಕೇಳಿದೆ. ಇಲಿಶ್ ಮೀನಿಗೆ ಒಂದು, ಮೊಟ್ಟೆಗೆ ಎರಡು, ಮಟನ್‌ಗೆ ಮೂರು ಎಂದು ಅಂಕಿ ಕೊಟ್ಟಿದ್ದೆ. ಹತ್ತು ಜನ ಇಲಿಶ್ ಎಂದರು, ಹತ್ತು ಜನ ಮಟನ್ ಎಂದರು. ಕೂಡಿಸಿ ಭಾಗಿಸಿದೆ. ಎರಡು! ದಶಮಾಂಶದ ಕಸವೂ ಇಲ್ಲದ ಶುದ್ಧ ಎರಡು! ಅಂಥ ಚೆಲುವಾದ ಉತ್ತರ ನನಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಹಿಗ್ಗಿನಿಂದ ಓಡಿ ಅರವತ್ತು ಮೊಟ್ಟೆ ತಂದು ಅಡುಗೆಯ ಗದಾಧರನ ಮುಂದಿಟ್ಟೆ.

"ಬಾಬು, ಮೀನು?"

"ಅದೆಲ್ಲ ನಿನಗೆ ತಿಳಿಯೋ ಲೆಕ್ಕ ಅಲ್ಲ. ಬೇಯಿಸು!"

ಅತಿಥಿಗಳು ಕೂತರು. ಪಾತ್ರೆಯ ಮುಚ್ಚಳ ತೆಗೆದರೆ ಮೊಟ್ಟೆ. ಎರಡನೇ ಪಾತ್ರೆ ತೆಗೆದರೆ ಅಲ್ಲೂ ಮೊಟ್ಟೆ. ಗಂಡಿನ ಸೋದರಮಾವ ಸೌಟಿನಿಂದ ತಳ ಕೆದಕುತ್ತ, "ಇಲಿಶ್ ಕೆಳಗಿದೆಯಾ?" ಎಂದರು.

ಸುತಪಾ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. "ಮೊಟ್ಟೆ ಬೇಕು ಅಂತ ಎಷ್ಟು ಜನ ಹೇಳಿದ್ರು?"

"ಯಾರೂ ಇಲ್ಲ."

"ಮತ್ತೆ?"

"ಸರಾಸರಿ..."

ಆ ಪದ ಬಾಯಿಂದ ಬಿದ್ದದ್ದೇ ಹಣೆ ಚಚ್ಚಿಕೊಂಡೆ. ಹೆಸರಿಗೆ ಬದಲಾಗಿ ಕೊಟ್ಟ ಅಂಕಿ ಬರೀ ಗುರುತು, ತೂಕ ಎತ್ತರಗಳ ಹಾಗೆ ಅದನ್ನು ಕೂಡಿಸಿ ಭಾಗಿಸಬಾರದು! ನಾನು ಪ್ರತಿವರ್ಷ ಹೇಳುವ ಮೊದಲ ಪಾಠವೇ ಅದು. ಅದರಲ್ಲಿ ತಪ್ಪಿದ ಎಷ್ಟು ಮಕ್ಕಳಿಗೆ ಸೊನ್ನೆ ಸುತ್ತಿದ್ದೇನೋ! ಝಿನುಕ್ ಕಣ್ಣು ತುಂಬಿಕೊಂಡು, "ಬಾಬಾ, ನನ್ನ ಮದುವೆ..." ಎಂದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದು ಕಾದೆ. ಬಾಯಿಬಿಟ್ಟು ಕೂತದ್ದು ಸೋದರಮಾವ ಮಾತ್ರ.

ಎಲ್ಲರೆದುರು ಕೈಮುಗಿದು ತಪ್ಪೊಪ್ಪಿಕೊಂಡೆ. ಗಂಡಿನ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸಂಬಂಧ ಮುರಿಯಿತು ಎಂದುಕೊಂಡೆ. ನೋಡಿದರೆ ಆಕೆ ನಗುತ್ತಿದ್ದರು!

"ಈ ಹುಡುಗೀನ ಇಂಥ ಅಪ್ಪನ ಹತ್ರ ಜಾಸ್ತಿ ದಿನ ಬಿಡಬಾರ್ದು. ಫಾಲ್ಗುಣದಲ್ಲೇ ಮದುವೆ ಇಟ್ಕೊಳ್ಳೋಣ!"

"ವೈಶಾಖ ಆದ್ರೆ ನಮಗೆ ಅನುಕೂಲ," ಎಂದಳು ಸುತಪಾ.

ಹುಡುಗಿಯ ಅಪ್ಪನಾಗಿ ನಾನೂ ಒಂದು ಮಾತಾಡಬೇಕಲ್ಲ! ಗಂಟಲು ಸರಿಮಾಡಿಕೊಂಡೆ.

"ನೀವು ಸುಮ್ನಿರಿ!" ಸುತಪಾ ಚೀರಿದಳು. "ನಡುವೆ ಬರೋದು ಚೈತ್ರ. ಆ ತಿಂಗಳು ನಮ್ಮ ಬಂಗಾಳದಲ್ಲಿ ಯಾವ ಪುರೋಹಿತನೂ ಮದುವೆ ಮಾಡಿಸಲ್ಲ!"