ನನ್ನವಳ ಹತ್ತು ಬೆರಳು

ಹೆಬ್ಬೆಟ್ಟು ಒತ್ತುವುದು ಅವಮಾನ ಎಂದು ನಂಬಿ ಬೆಳೆದ ಕಾಲದವನು ನಾನು. ನಮ್ಮಪ್ಪ ನನ್ನನ್ನು ಶಾಲೆಗೆ ಅಟ್ಟಿದ್ದೇ ಮಗ ತನ್ನ ಹಾಗೆ ಹೆಬ್ಬೆಟ್ಟಾಗಬಾರದು, ನಾಲ್ಕಕ್ಷರ ಕಲಿತು ಸೈನ್ ಹಾಕುವಂತಾಗಬೇಕು ಎಂದು. ನಾನೂ ಕಷ್ಟಪಟ್ಟು, ಕೊನೆಯಲ್ಲಿ ಬಾಲ ಸುತ್ತಿ ಎರಡು ಚುಕ್ಕಿ ಇಡುವ ಸೊಗಸಾದ ರುಜುವೊಂದನ್ನು ಕಲಿತೆ. ಕಲಿತು ಮುಗಿಸುವಷ್ಟರಲ್ಲಿ ಲೋಕ ಮಗ್ಗುಲು ಬದಲಿಸಿತ್ತು. ಪಡಿತರ ಅಂಗಡಿಯಲ್ಲಿ ಥಂಬ್ ಕೊಡಿ, ಸಿಮ್ಮಿಗೆ ಥಂಬ್ ಕೊಡಿ, ಬ್ಯಾಂಕಿನಲ್ಲಿ ಥಂಬ್ ಕೊಡಿ. ನನ್ನ ರುಜುವನ್ನು ಈಗ ಕೇಳುವವರು ಕೊರಿಯರ್ ತರುವವರು ಮಾತ್ರ. ಅವರೂ ಫೋನಿನ ಗಾಜಿನ ಮೇಲೆ ಬೆರಳಲ್ಲೇ ಗೀಚಿ ಎನ್ನುತ್ತಾರೆ.

ಇದನ್ನಾದರೂ ಸಹಿಸಬಹುದು. ನಮ್ಮ ಮನೆಗೆ ಬಂದ ತೊಂದರೆ ಬೇರೆ: ನನ್ನ ಹೆಂಡತಿ ರತ್ನಳ ಬೆರಳಲ್ಲಿ ಗೆರೆಗಳೇ ಇರಲಿಲ್ಲ.

ಅವಳ ತಂಗಿ ಸುಜಾತ ಪರದೇಶದ ಆಸ್ಪತ್ರೆಯೊಂದರಲ್ಲಿ ನರ್ಸು. ಯಾವ ದೇಶವೆಂದು ಹೇಳುವುದಿಲ್ಲ. ಹೆಸರೆತ್ತಿದ್ದಕ್ಕೂ ಇನ್ನೊಮ್ಮೆ ಬೆರಳಿಡಿ ಎಂದಾರು. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ರತ್ನ. ಸುಜಾತ ಬಸುರಿ ಎಂಬ ಸುದ್ದಿ ಬಂದ ದಿನವೇ ಬಾಣಂತನಕ್ಕೆ ತಾನು ಹೋಗುವುದೆಂದು ತೀರ್ಮಾನಿಸಿ, ಓಮ, ಮೆಣಸು, ಒಣಶುಂಠಿಯನ್ನು ಬಿಸಿಲಿಗೆ ಹಾಕಿದಳು. ವೀಸಾ ಎಂಬುದೊಂದಿದೆ ಎಂದು ನಾನು ನೆನಪಿಸಿದೆ. "ಬಾಣಂತನಕ್ಕೆ ಓಗೋಕೂ ಅವ್ರನ್ನ ಕೇಳ್ಬೇಕಾ?" ಎಂದಳು.

ಕೇಳಬೇಕಿತ್ತು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ವೀಸಾ ಆಫೀಸಿಗೆ ಹೋದೆವು. ಕೌಂಟರಿನ ಹುಡುಗಿ ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು, ಆಮೇಲೆ ಎರಡು ಹೆಬ್ಬೆಟ್ಟು ಎಂದು ಗಾಜಿನ ಮೇಲೆ ಇಡಿಸಿದಳು. ಪರದೆಯ ಮೇಲೆ ಏನೂ ಮೂಡಲಿಲ್ಲ. ಒರೆಸಿ ಇಡಿಸಿದಳು, ಒದ್ದೆ ಮಾಡಿ ಇಡಿಸಿದಳು, ತಾನೇ ಒತ್ತಿ ಹಿಡಿದಳು. ಹಾಲು ಕರೆದು, ಪಾತ್ರೆ ಉಜ್ಜಿ, ಒಗೆಯುವ ಕಲ್ಲಿನ ಮೇಲೆ ಬಟ್ಟೆ ತಿಕ್ಕಿ ತಿಕ್ಕಿ ಗೆರೆಗಳೆಲ್ಲ ಸವೆದುಹೋಗಿದ್ದವು. ಅಷ್ಟು ದೂರದಿಂದ ಬಂದು ಬರಿಗೈಯಲ್ಲಿ ಹಿಂದಿರುಗುವುದೇಕೆಂದು ನಾನೇ ನಡುವೆ ಕೈ ಚಾಚಿ, ಬೇಕಾದರೆ ನನ್ನದು ತೆಗೆದುಕೊಳ್ಳಿ ಎಂದೆ. ಹುಡುಗಿ ಬಗ್ಗಿ ನೋಡಿ, "ನಿಮ್ಮದು ತುಂಬಾ ಚೆನ್ನಾಗಿದೆ ಅಂಕಲ್, ಆದರೆ ನೀವು ಹೋಗ್ತಿಲ್ಲವಲ್ಲ" ಎಂದಳು. ರಾಬರ್ಟ್‌ಸನ್‌ಪೇಟೆಯ ಸೀರೆ ಅಂಗಡಿಯಲ್ಲಿ ರೇಷ್ಮೆ ಸವರಿಕೊಂಡೇ ಜೀವಮಾನ ಕಳೆದ ಬೆರಳು, ಚೆನ್ನಾಗಿರದೆ ಏನು.

ಮತ್ತೆ ಕರೆದರು, ಮತ್ತೆ ಹೋದೆವು, ಮತ್ತೆ ಅದೇ ಖಾಲಿ ಪರದೆ. ಕೊನೆಗೆ ಆ ಹುಡುಗಿಯೇ ಕನಿಕರಪಟ್ಟು, ಕೈಗೆ ಕೆಲವು ದಿನ ವಿಶ್ರಾಂತಿ ಕೊಡಿ, ಸೋಪು ಬೂದಿ ಮುಟ್ಟಿಸಬೇಡಿ, ಎಣ್ಣೆ ಸವರಿ, ಗೆರೆ ತಾನಾಗಿ ಬರುತ್ತದೆ ಎಂದಳು. ಅತ್ತ ಸುಜಾತಳ ದಿನ ಹತ್ತಿರವಾಗುತ್ತಿತ್ತು. ವಾಪಸು ಬರುವಾಗ ರತ್ನ ಮಡಿಲಲ್ಲಿ ಅಂಗೈ ಬಿಚ್ಚಿಟ್ಟುಕೊಂಡು ನೋಡುತ್ತಲೇ ಕೂತಿದ್ದಳು. ಅದನ್ನು ನೋಡಿದ ಸಂಕಟದಲ್ಲಿ, ರೈಲು ವೈಟ್‌ಫೀಲ್ಡ್ ದಾಟುವಷ್ಟರಲ್ಲಿ, ಇನ್ನು ಮನೆಗೆಲಸವೆಲ್ಲ ನನ್ನದು ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪಾತ್ರೆ ನನ್ನ ಕೈಗೆ ಒಗ್ಗಿತು. ಬಟ್ಟೆಯೂ ಒಗ್ಗಿತು. ಒಗ್ಗದ್ದು ನಮ್ಮ ಸೀಮೆಹಸು ಕೆಂಪಿ. ರತ್ನಳನ್ನು ಬಿಟ್ಟು ಬೇರೆ ಯಾರಿಗೂ ಕೆಚ್ಚಲು ಮುಟ್ಟಗೊಡದ ಪತಿವ್ರತೆ ಅದು. ನಾನು ಚೊಂಬು ಹಿಡಿದು ಕುಕ್ಕರಗಾಲಲ್ಲಿ ಕೂತದ್ದೇ ತಡ, ಒಂದು ಒದೆ ಬಿತ್ತು. ಚೊಂಬು ತಿಪ್ಪೆಗೆ, ನಾನು ಗೋಡೆಗೆ. ರತ್ನ ಎಣ್ಣೆ ಸವರಿದ ಕೈಗಳನ್ನು ಮದರಂಗಿ ಹಾಕಿಸಿಕೊಂಡ ಮದುವಣಗಿತ್ತಿಯಂತೆ ಮುಂದೆ ಹಿಡಿದುಕೊಂಡು ಜಗುಲಿಯ ಮೇಲಿಂದ ಸಲಹೆ ಕೊಡುತ್ತಿದ್ದಳು. ಕೆಚ್ಚಲು ಬಿಗಿದು ಕೆಂಪಿ ನರಳತೊಡಗಿದಾಗ ಮಾತ್ರ ತಡೆಯಲಾರದೆ ಎದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ನಾರಾಯಣಮ್ಮ ಬಂದು ಅವಳನ್ನು ಕೂರಿಸಿ, ನನ್ನ ಕಡೆ ತಿರುಗಿದರು.

"ಏಮಪ್ಪಾ, ನಿನ್ ಎಂಡ್ತಿ ಸೀರೆ ಉಟ್ಕಂಡು ಕೂತ್ಕೋ. ಅಸೂಗೇನ್ ಗೊತ್ತಾಯ್ತದೆ?"

ಬೇರೆ ಗಂಡಸಾಗಿದ್ದರೆ ಹಿಂಜರಿಯುತ್ತಿದ್ದನೇನೋ. ನಾನು ದಿನವಿಡೀ ಗಿರಾಕಿಗಳ ಮುಂದೆ ಸೀರೆಯನ್ನು ಹೆಗಲಿಗೆ ಹಾಕಿ ತೋರಿಸುವವನು. ನೆರಿಗೆ ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ರತ್ನಳ ನೀಲಿ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಹೋದೆ. ಕೆಂಪಿ ಮೂಸಿತು, ನಿಟ್ಟುಸಿರು ಬಿಟ್ಟಿತು, ಹಾಲು ಇಳಿಸಿತು. ಆ ಸಂತೋಷದಲ್ಲಿ ಮೈಮರೆತು, ಕ್ಯಾನು ಹಿಡಿದು ಹಾಗೆಯೇ ಡೇರಿಯ ಸಾಲಿನಲ್ಲಿ ಹೋಗಿ ನಿಂತೆ. ಡೇರಿ ಸೆಕ್ರೆಟರಿ ಹಾಲಿಗೆ ನೀರು ಬೆರೆತಿದೆಯೇ ಎಂದಷ್ಟೇ ನೋಡಿ ಕಳಿಸಿದ. ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ನೆರಿಗೆ ಶಾನೆ ನೀಟಾಗಿ ಬಂದೈತೆ, ನಮ್ಗೂ ಯೋಳ್ಕೊಡಣ್ಣ" ಎಂದಾಗಲೇ ನನಗೆ ನನ್ನ ಅವತಾರ ಅರಿವಾದದ್ದು.

ಮೂರನೆಯ ಸಲ ರತ್ನ ಬೆರಳಿಟ್ಟಾಗ ಪರದೆಯ ಮೇಲೆ ಉತ್ತ ಹೊಲದ ಸಾಲುಗಳಂತೆ ಗೆರೆಗಳು ಮೂಡಿದವು. ನನಗೆ ಕಣ್ಣು ತುಂಬಿ ಬಂತು. ಅವಳು ಮಾತ್ರ, ಸಾಕೋ ಇನ್ನೊಂದು ಸಲ ಇಡಲೋ ಎಂದು ಹುಡುಗಿಯನ್ನು ವಿಚಾರಿಸುತ್ತಿದ್ದಳು. ಹೆರಿಗೆಗೆ ಮುಂಚೆಯೇ ಹೋಗಿ ಸೇರಿದಳು. ವಿಮಾನ ಇಳಿದ ಕೂಡಲೇ ಅಲ್ಲೂ ಬೆರಳಿಡಿಸಿಕೊಂಡರಂತೆ. ಮಗುವಿಗೆ ಎಣ್ಣೆನೀರು ಹಾಕಿ, ತಂಗಿಗೆ ಖಾರ ತಿನ್ನಿಸಿ, ಬಾಣಂತನ ಮುಗಿಸಿ ಬಂದಳು. ಬಂದವಳು, ವೀಸಾ ಮತ್ತೆ ಯಾವಾಗ ಬೇಕಾಗುತ್ತದೋ ಏನೋ, ಬೆರಳು ಇರಲಿ ಎಂದು ಪಾತ್ರೆ ಮುಟ್ಟಲಿಲ್ಲ, ಕೊಟ್ಟಿಗೆಗೆ ಇಣುಕಲಿಲ್ಲ. ನಡುವೆ ಕೆಂಪಿಯೂ ಇನ್ನೊಂದು ಕರು ಹಾಕಿತು. ಅದರ ಬಾಣಂತನ, ದಿನವೂ ಉಡುವ ಆ ನೀಲಿ ಸೀರೆಯ ಸಮೇತ, ನನ್ನ ಪಾಲಿಗೇ ಬಂತು.

ಈಗ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅಕ್ಕ ಭಾವ ಇಬ್ಬರೂ ಬರಲೇಬೇಕೆಂದು ಸುಜಾತಳ ಹಟ. ಹಳೆಯ ವೀಸಾ ತೀರಿದೆ, ಹಳೆಯ ಬೆರಳಚ್ಚೂ ನಡೆಯುವುದಿಲ್ಲವಂತೆ, ಹೊಸದಾಗಿ ಕೊಡಬೇಕು. ಮನುಷ್ಯನ ಬೆರಳೇನು ವರ್ಷಕ್ಕೊಮ್ಮೆ ಬದಲಾಗುತ್ತದೆಯೇ ಎಂದು ನಗಾಡುತ್ತಾ ಮೊನ್ನೆ ಪಡಿತರ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಇಟ್ಟೆ. ಬರಲಿಲ್ಲ. ಉಳಿದ ಬೆರಳುಗಳೂ ಬರಲಿಲ್ಲ. ಕರೆದು, ಉಜ್ಜಿ, ಒಗೆದು ಎಲ್ಲವೂ ಗೋಲಿಯಂತೆ ನುಣ್ಣಗಾಗಿದ್ದವು. ಪಕ್ಕದಲ್ಲಿದ್ದ ರತ್ನಳದ್ದು ಒಂದೇ ಏಟಿಗೆ ಬಂತು.

ಕೈಗೆ ವಿಶ್ರಾಂತಿ ಸಿಕ್ಕರೆ ನನ್ನ ಗೆರೆಗಳೂ ಬಂದಾವು. ರತ್ನಳಿಗೂ ಮನಸ್ಸು ಕರಗಿತು. "ನೀವ್ ಬರ್ದೆ ನಾನೊಬ್ಳೇ ಓಗಲ್ಲ" ಎಂದವಳೇ, ಅದೇ ನೀಲಿ ಸೀರೆ ಉಟ್ಟು, ಚೊಂಬು ಹಿಡಿದು ಕೊಟ್ಟಿಗೆಗೆ ನಡೆದಳು. ಕೆಂಪಿ ತಿರುಗಿ ನೋಡಿತು, ಮೂಸಿತು, ಝಾಡಿಸಿ ಒದೆಯಿತು. ಯಾರೋ ನನ್ನ ವೇಷ ಹಾಕಿಕೊಂಡು ಮೋಸ ಮಾಡಲು ಬಂದಿದ್ದಾರೆ ಎಂದುಕೊಂಡಿರಬೇಕು.