ಭಾವನ ಕುಕ್ಕರ್ ಒಲಿಂಪಿಕ್ಸ್

ನಮ್ಮ ಭಾವ ಹಿಮ ನೋಡಿದ್ದು ಎರಡೇ ಕಡೆ: ಟೀವಿಯಲ್ಲಿ, ಮತ್ತು ಗ್ಯಾಸ್ ಸೋರಿದ ಏಸಿಯ ಪೈಪಿನ ಮೇಲೆ. ಆದರೂ ಚಳಿಗಾಲದ ಒಲಿಂಪಿಕ್ಸ್ ಬಗ್ಗೆ ಇಡೀ ಬಹರೈನಿನಲ್ಲಿ ಅವರಷ್ಟು ತಿಳಿದವರಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ! ಹೇಳದೆ ಬೇರೆ ದಾರಿಯೂ ಇಲ್ಲ. ಅವರು ಅಕ್ಕನ ಗಂಡ.

ಬಹರೈನಿನ ಸಿತ್ರಾದಲ್ಲಿ ಏಸಿ ರಿಪೇರಿ ಮಾಡುವ ಭಾವ, ಒಲಿಂಪಿಕ್ಸ್ ಶುರುವಾದ ದಿನ ಮನೆಯ ಏಸಿಯನ್ನು ಹದಿನಾರಕ್ಕೆ ಇಳಿಸುತ್ತಾರೆ. ಫೆಬ್ರವರಿಯಲ್ಲಿ ಇಲ್ಲಿ ಫ್ಯಾನೂ ಬೇಡ! ಅಕ್ಕ ಕಂಬಳಿ ಹೊದ್ದು ಚಪಾತಿ ಲಟ್ಟಿಸುತ್ತಾಳೆ.

"ಆ ಮಕ್ಕಳು ಅಲ್ಲಿ ಚಳಿಯಲ್ಲಿ ನಡುಗುವಾಗ ನಾವಿಲ್ಲಿ ಬನಿಯನ್‌ನಲ್ಲಿ ಕೂತು ನೋಡುವುದು ಮರ್ಯಾದೆಯಾ ಮಾರಾಯ?" ಎಂದು ಭಾವ ನನ್ನನ್ನು ಕೇಳುತ್ತಾರೆ.

"ಅವರಿಗೆ ಮೆಡಲ್ ಸಿಗ್ತದೆ ಭಾವ, ನಮಗೆ ಶೀತ ಮಾತ್ರ."

"ಮೆಡಲ್ ಬಿಡು. ಗೆದ್ದವ ಹೋಗದೆ ನಿಂತು, ಕೊನೆಗೆ ಬಂದವನನ್ನು ಅಪ್ಪಿಕೊಂಡ. ನೋಡಿದ್ಯಾ?" ಎನ್ನುವಾಗ ಅವರ ಮೂಗು ಸೊರಸೊರ. ಶೀತಕ್ಕೋ ಅಳುವಿಗೋ ಗೊತ್ತಾಗುವುದಿಲ್ಲ.

ಅವರ ಪ್ರಾಣವೆಂದರೆ ಕರ್ಲಿಂಗ್. ಐಸಿನ ಮೇಲೆ ದುಂಡು ಕಲ್ಲು ಜಾರಿಸಿ ಒಂದು ವೃತ್ತದ ನಟ್ಟನಡುವೆ ನಿಲ್ಲಿಸುವುದು, ಅದರ ಮುಂದೆ ಇಬ್ಬರು ಗುಡಿಸುತ್ತಾ ಓಡುವುದು! ಮದುವೆಯಾದಂದಿನಿಂದ ಪೊರಕೆ ಮುಟ್ಟದ ಗಂಡಸು ಗುಡಿಸುವ ಆಟಕ್ಕೆ ಮರುಳಾದರೆ ಹೆಂಡತಿಗೆ ಹೇಗಾಗಬೇಡ? ಭಾವನಿಗೆ ಅದರ ಒಂದು ನಿಯಮ ಬಹಳ ಇಷ್ಟ. ಕಲ್ಲಿಗೆ ಕಾಲೋ ಪೊರಕೆಯೋ ತಾಗಿದರೆ, ಯಾರೂ ನೋಡದಿದ್ದರೂ, ತಾಗಿಸಿದವನೇ ಕೈಯೆತ್ತಿ ಹೇಳಬೇಕಂತೆ; ಆ ಕಲ್ಲು ಲೆಕ್ಕಕ್ಕಿಲ್ಲ.

ಹಾಗೆ ಹುಟ್ಟಿತು ನಮ್ಮ ವಾರ್ಷಿಕ ಪಂದ್ಯ! ಬುದಯ್ಯದಲ್ಲಿ ಪಿಕ್‌ನಿಕ್ಕಿಗೆ ಬಾಡಿಗೆಗೆ ಹಿಡಿದ ತೋಟ, ಈಜುಕೊಳದ ಪಕ್ಕದ ಟೈಲ್ಸಿಗೆ ಸಾಬೂನು ನೀರು, ಕಲ್ಲಿನ ಬದಲು ನೀರು ತುಂಬಿದ ಕುಕ್ಕರುಗಳು. ಸಿತ್ರಾ ತಂಡಕ್ಕೆ ಭಾವ ನಾಯಕ; ಜುಫೈರ್ ತಂಡಕ್ಕೆ ಹೋಟೆಲಿನಲ್ಲಿ ಕೆಲಸ ಮಾಡುವ ಲಾರೆನ್ಸ್. ಇಬ್ಬರೂ ಮಂಗಳೂರಿನಿಂದ ಒಂದೇ ವಿಮಾನದಲ್ಲಿ ಬಂದವರು, ಮದುವೆಯಾಗುವವರೆಗೆ ಒಂದೇ ಕೋಣೆಯಲ್ಲಿದ್ದವರು.

ಹೋದ ವರ್ಷ ಜುಫೈರಿನ ಕೊನೆಯ ಕುಕ್ಕರಿಗೆ ಲಾರೆನ್ಸ್ ಕಾಲು ತಾಗಿದ್ದನ್ನು ಭಾವ ಕಂಡರು. ಲಾರೆನ್ಸ್ "ತಾಗ್ಲೇ ಇಲ್ಲ" ಎಂದರು. ಜುಫೈರ್ ಗೆದ್ದಿತು, ಇಬ್ಬರ ಮಾತು ನಿಂತಿತು. ಕ್ರಿಸ್‌ಮಸ್‌ಗೆ ಲಾರೆನ್ಸ್ ಮನೆಯಿಂದ ಪ್ರತಿವರ್ಷ ಬರುವ ತಿಂಡಿಯೂ ಬರಲಿಲ್ಲ.

"ಸೋತದ್ದಕ್ಕೆ ಬೇಜಾರಿಲ್ಲ. ಅವ ಹೇಳ್ಲಿಲ್ಲ ಅಲ್ಲ! ಈ ಸಲ ಅವನನ್ನು ಸೋಲಿಸದೆ ಬಿಡುದಿಲ್ಲ" ಎಂದು ಭಾವ ವರ್ಷವಿಡೀ ಗುಡುಗಿದರು. ಅಭ್ಯಾಸಕ್ಕೆಂದು ಮನೆ ಗುಡಿಸಿದರು ಕೂಡ! ಅಕ್ಕ ಈ ಜಗಳ ಮುಗಿಯದಿರಲಿ ಎಂದು ಹರಕೆ ಹೊತ್ತಿರಬೇಕು.

ಈ ವರ್ಷ ಅಂಕ ಸಮಸಮ! ಜುಫೈರಿನ ಕುಕ್ಕರ್ ವೃತ್ತದ ನಡುವಿನ ಹತ್ತಿರವೇ ಕೂತಿತ್ತು. ಉಳಿದದ್ದು ನಮ್ಮದೊಂದು. ನಾನು ಜಾರಿಸಿದೆ. ಭಾವ ಪ್ಯಾಂಟು ಮಡಚಿ, ಹೊಟ್ಟೆ ಕುಣಿಸುತ್ತಾ, ಸರ್ರನೆ ಗುಡಿಸುತ್ತಾ ಓಡಿದರು. ಕುಕ್ಕರ್ ತೇಲಿ, ತಿರುಗಿ, ನಟ್ಟನಡುವೆ ನಿಂತಿತು! ಎಂಥ ಬೊಬ್ಬೆ! ನಾವು ಭಾವನನ್ನು ಎತ್ತಿಯೇಬಿಟ್ಟೆವು.

"ಇಳಿಸಿ, ಇಳಿಸಿ! ನನ್ನ ಕಾಲ ಹೆಬ್ಬೆರಳು ಕುಕ್ಕರಿಗೆ ತಾಗಿತು."

"ಯಾರೂ ನೋಡ್ಲಿಲ್ಲ ಭಾವ, ಸುಮ್ಮನಿರಿ!" ಎಂದು ನಾನು ಕಿವಿಯಲ್ಲಿ ಪಿಸುಗುಟ್ಟಿದೆ.

ಭಾವ ಕೈಯೆತ್ತಿದರು. ತಾವೇ ಹೋಗಿ ನಮ್ಮ ಕುಕ್ಕರನ್ನು ವೃತ್ತದಿಂದ ಎತ್ತಿ ಹೊರಗಿಟ್ಟರು. ಜುಫೈರ್ ಮತ್ತೆ ಗೆದ್ದಿತು!

ಲಾರೆನ್ಸ್ ಮಾತ್ರ ಕುಣಿಯಲಿಲ್ಲ. ಭಾವನ ಕಡೆಗೆ ಓಡಿಬಂದವರು ಸಾಬೂನಿನಲ್ಲಿ ಜಾರಿ ದೊಪ್ಪನೆ ಬಿದ್ದರು. ಬಿದ್ದಲ್ಲಿಂದಲೇ ಹೇಳಿದರು: "ಹೋದ ವರ್ಷ ನಂದೂ ತಾಗಿತ್ತು ಮಾರಾಯ. ಸುಳ್ಳು ಹೇಳಿದೆ. ಮತ್ತೆ ಯಾವ ಮುಖ ಹೊತ್ತು ನಿನ್ನ ಮನೆಗೆ ಬರುದು?"

ಭಾವ ಅವರನ್ನು ಎಬ್ಬಿಸುತ್ತಾರೆಂದುಕೊಂಡೆ. ಇಲ್ಲ, ತಾವೂ ಆ ನೀರಿನಲ್ಲೇ ಕೂತರು.

"ನೀನು ಬರಬೇಕಿತ್ತು. ನನಗೆ ಇಲ್ಲಿ ಬೇರೆ ಯಾರಿದ್ದಾರೆ ಮಾರಾಯ?"

ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಮಕ್ಕಳ ಹಾಗೆ ಅತ್ತರು. ಸುಮ್ಮನಿರಿ ಎಂದು ಪಿಸುಗುಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು. ಇಂಥವರು ನನ್ನ ಭಾವ ಎಂದು ಹೆಮ್ಮೆಯಾಗಿ, ನಾನೂ ಕಣ್ಣೊರೆಸಿಕೊಂಡೆ.